ಎರಡು ಡಿಸ್ಕ್, ನಾಲ್ಕು ಪ್ಯಾಡ್

ನಾನು ನಿಂತಿದ್ದುದು ರನ್‌ವೇಯ ಎಡ ಅಂಚಿನಲ್ಲಿ, ಡಾಂಬರು ಮುಗಿದು ಹುಲ್ಲು ಶುರುವಾಗುವ ಜಾಗದಲ್ಲಿ. ನನ್ನಿಂದ ಹತ್ತು ಹೆಜ್ಜೆ ಮುಂದೆ ಮೊದಲ ಕೆಂಪು ಕೋನ್ ಇತ್ತು. ಅಲ್ಲಿಂದಾಚೆ ಸಾಲಾಗಿ ಇನ್ನೂ ಮೂರು. ದಸರೆ ಮುಗಿದ ಮೇಲಿನ ಭಾನುವಾರ, ಬೆಳಿಗ್ಗೆ ಎಂಟೂವರೆ. ಮೋಡ ಮುಚ್ಚಿತ್ತು, ಬಿಸಿಲು ಕಣ್ಣಿಗೆ ಹೊಡೆಯುತ್ತಿರಲಿಲ್ಲ. ಇಷ್ಟನ್ನು ಮೊದಲೇ ಹೇಳುತ್ತೇನೆ, ಏಕೆಂದರೆ ನಾನು ಎಲ್ಲಿ ನಿಂತಿದ್ದೆ, ಅಲ್ಲಿಂದ ಏನು ಕಾಣಲು ಸಾಧ್ಯವಿತ್ತು ಎಂಬುದನ್ನೇ ಆಮೇಲೆ ಹಲವರು ಕೇಳಿದರು.

ನನ್ನ ಹೆಂಡತಿ ಓಡಿಸುತ್ತಿದ್ದ ನಮ್ಮ ಬಿಳಿ ಕಾರು ನನ್ನನ್ನು ದಾಟಿತು. ಮೊದಲ ಕೋನಿನ ಪಕ್ಕಕ್ಕೆ ಹೋದಾಗ ಹಿಂದಿನ ಎರಡೂ ಕೆಂಪು ದೀಪಗಳು ಹೊತ್ತಿಕೊಂಡವು. ಜೋರಾಗಿ ಬ್ರೇಕ್ ಒತ್ತಿದ ಕಾರಿನ ಮೂತಿ ಕೆಳಗೆ ಬಾಗುತ್ತದೆ, ಹಿಂಭಾಗ ಸ್ವಲ್ಪ ಏಳುತ್ತದೆ. ಅವಳಿಗಿಂತ ಮುಂಚೆ ಹೋದ ಕಾರುಗಳೆಲ್ಲ ಹಾಗೆ ಬಾಗಿದ್ದನ್ನು ನೋಡಿದ್ದೆ. ಇದು ಬಾಗಲಿಲ್ಲ. ದೀಪ ಉರಿಯುತ್ತಲೇ ಎರಡನೆಯ ಕೋನ್ ದಾಟಿತು, ಮೂರನೆಯದನ್ನು ದಾಟಿತು. ಗೇರ್ ಇಳಿಸಿದ ಸದ್ದು, ಇಂಜಿನ್ ಕಿರುಚಿದ ಸದ್ದು ಕೇಳಿತು. ನಾಲ್ಕನೆಯ ಕೋನ್ ಗಾಳಿಯಲ್ಲಿ ಹಾರಿತು. ಕಾರು ಡಾಂಬರು ಬಿಟ್ಟು ಮಣ್ಣಿಗಿಳಿದು, ಅಡ್ಡಡ್ಡ ಜಾರಿ, ಪೊದೆಗಳ ನಡುವೆ ಧೂಳಿನಲ್ಲಿ ಕಾಣೆಯಾಯಿತು. ಆ ಪೊದೆಗಳ ಹಿಂದೆ ಸಿಮೆಂಟ್ ಪೈಪುಗಳ ರಾಶಿ ಇರುವುದು ನನಗೆ ಗೊತ್ತಿತ್ತು.

ಓಡಿದೆ. ಧೂಳು ಇಳಿಯುವುದಕ್ಕೆ ಮುಂಚೆಯೇ ಒಂದು ವಾಸನೆ ಮೂಗಿಗೆ ಬಂತು. ಸುಟ್ಟ ರಬ್ಬರಿನದಲ್ಲ, ಕಾದು ಹೊಗೆಯಾಡುವ ಬಾಣಲೆಯದು. ಆ ಗಡಿಬಿಡಿಯಲ್ಲಿ ಅದಕ್ಕೆ ಅರ್ಥ ಹುಡುಕಲಿಲ್ಲ. ಕಾರು ಪೈಪಿನ ರಾಶಿಗೆ ಇನ್ನೊಂದು ಕಾರು ನಿಲ್ಲುವಷ್ಟು ಜಾಗ ಬಿಟ್ಟು ನಿಂತಿತ್ತು. ಅವಳಿಗೆ ಏನೂ ಆಗಿರಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲೆ, ಬಲಗಾಲು ಇನ್ನೂ ಬ್ರೇಕಿನ ಮೇಲೆ. ನಾನು ಬಾಗಿಲು ತೆಗೆದರೂ ಕಾಲು ತೆಗೆಯಲಿಲ್ಲ.

"ಒತ್ತೀನ್ರಿ," ಅಂದಳು. "ಪೂರಾ ಒತ್ತೀನಿ. ನೋಡ್ರಿ, ಈಗೂ ಒತ್ತೇ ಇಟ್ಟೀನಿ."

ಅವಳು ಅಲ್ಲಿಗೆ ಬಂದದ್ದೇ ಬ್ರೇಕ್ ಒತ್ತುವುದನ್ನು ಕಲಿಯಲು. ಅದನ್ನು ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ.

ಆಗ ಆಂಧ್ರಪ್ರದೇಶ ಇನ್ನೂ ಒಂದೇ ಆಗಿತ್ತು, ಹೈದರಾಬಾದ್ ಅದರ ರಾಜಧಾನಿ. ಅಮೀರ್‌ಪೇಟೆಯಲ್ಲಿ ಮೆಟ್ರೊ ಕಂಬಗಳಿಗಾಗಿ ರಸ್ತೆ ಅಗೆಯಲು ಶುರುಮಾಡಿದ್ದರು. ಅಲ್ಲಿನ ಒಂದು ಕೋಚಿಂಗ್ ಸೆಂಟರಿನಲ್ಲಿ ಅವಳು ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿಸುತ್ತಿದ್ದಳು. ನಾನು ನ್ಯಾಯಾಲಯದಲ್ಲಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡುವ ನೌಕರ. ನನ್ನ ತಾತ ಗುಲ್ಬರ್ಗಾ ಕಡೆಯಿಂದ ನಿಜಾಮರ ಕಾಲದಲ್ಲಿ ಸರ್ಕಾರಿ ಕೆಲಸಕ್ಕೆ ಬಂದವರು; ಆಮೇಲೆ ಮನೆಯವರು ಇಲ್ಲೇ ಉಳಿದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಬಜಾರಿನಲ್ಲಿ ಹೈದರಾಬಾದಿ ಹಿಂದಿ. ಮನೆಯಲ್ಲಿ ನಾವು ಮೂವರು: ನಾನು, ಅವಳು, ನನ್ನ ಅವ್ವ.

ಒಂದು ಸಂಜೆ ಬೇಗಂಪೇಟೆಯ ಫ್ಲೈಓವರ್ ಇಳಿಯುವಾಗ ಮುಂದಿನ ಆಟೊ ತಟ್ಟನೆ ನಿಂತಿತು. ಅವಳೂ ನಿಲ್ಲಿಸಿದಳು, ಆದರೆ ಕಾಲು ಹೆಪ್ಪುಗಟ್ಟಿದಂತಾಗಿ ತಡವಾಗಿ ಒತ್ತಿದ್ದಳು. ಆಟೊದ ಹಿಂದಿನ ಸೀಟಿನಲ್ಲಿ ಕೂತ ಹೆಂಗಸಿನ ಮೂಗುತಿಯ ಹರಳು ಎಣಿಸುವಷ್ಟು ಹತ್ತಿರ ಹೋಗಿ ನಿಂತಿತಂತೆ ಕಾರು. ಮನೆಗೆ ಬಂದು ನೀರು ಕುಡಿದು ಒಂದೇ ಮಾತು ಹೇಳಿದಳು: ತನಗೆ ಗಾಡಿ ಓಡಿಸಲು ಬರುತ್ತದೆ, ನಿಲ್ಲಿಸಲು ಬರುವುದಿಲ್ಲ. ಬೇರೆಯವರಾಗಿದ್ದರೆ ಕೆಲ ದಿನ ಬಸ್ಸಿನಲ್ಲಿ ಓಡಾಡಿ ಮರೆಯುತ್ತಿದ್ದರು. ಇವಳು ನಿಲ್ಲಿಸುವುದನ್ನು ಎಲ್ಲಿ ಕಲಿಸುತ್ತಾರೆಂದು ಹುಡುಕಿದಳು.

ಸಿಕ್ಕಿದ್ದು ಕಾರಿನ ಹುಚ್ಚಿರುವವರ ಒಂದು ಕ್ಲಬ್. ಊರ ಹೊರಗೆ, ಯಾರದೋ ಖಾಸಗಿ ಜಮೀನಿನಲ್ಲಿ ಪಾಳು ಬಿದ್ದಿದ್ದ ಒಂದು ಹಳೆಯ ರನ್‌ವೇ ಇತ್ತು. ಕೆಲವು ಭಾನುವಾರ ಅದನ್ನು ಬಾಡಿಗೆಗೆ ಹಿಡಿದು, ಕೋನ್ ಇಟ್ಟು ತಿರುವುಗಳನ್ನು ಮಾಡಿ, ಹೊಸಬರಿಗೆ 'ಟ್ರ್ಯಾಕ್ ಡೇ' ನಡೆಸುತ್ತಿದ್ದರು. ಪಂದ್ಯವಲ್ಲ, ಒಂದು ಸಲಕ್ಕೆ ಒಂದೇ ಕಾರು. ವೇಗವಾಗಿ ಹೋಗಿ, ಗುರುತು ಹಾಕಿದ ಜಾಗದಲ್ಲಿ ಬ್ರೇಕ್ ಹಾಕಿ, ತಿರುಗಬೇಕು. ನಡೆಸುತ್ತಿದ್ದವರು ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡಿ ನಿವೃತ್ತರಾದ ತೆಲುಗಿನವರು. ಎಲ್ಲರೂ ಅವರನ್ನು 'ಸಾರ್' ಎಂದಷ್ಟೇ ಕರೆಯುತ್ತಿದ್ದರು. ಇವಳು ಫೋನಿನಲ್ಲಿ ಕೇಳಿದಾಗ ಅವರು ಮೊದಲು ಹೇಳಿದ್ದು, ಇಂಜಿನ್ ಹೇಗಾದರೂ ಇರಲಿ, ಬ್ರೇಕ್ ನೋಡಿಕೊಂಡು ಬನ್ನಿ ಎಂದು.

ನಮ್ಮ ಕಾರಿನ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನವಕ್ಕೆ ಡ್ರಮ್. ಮುಂದೆ ಚಕ್ರಕ್ಕೊಂದರಂತೆ ಎರಡು ಕಬ್ಬಿಣದ ಡಿಸ್ಕ್, ಪ್ರತಿ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ, ಕಪ್ಪು ಬಿಲ್ಲೆಯಂಥ, ಒಟ್ಟು ನಾಲ್ಕು ಪ್ಯಾಡ್. ಬೇಗಂಪೇಟೆಯ ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿಸಿದಾಗ ಹಳೆಯ ಡಿಸ್ಕುಗಳ ಮೇಲೆ ಬೆರಳಿಗೆ ಸಿಗುವಂಥ ಗೀರುಗಳಿದ್ದವು, ಅಂಚಿನಲ್ಲಿ ದಿಂಡು ಎದ್ದಿತ್ತು. ಅಂಥ ಡಿಸ್ಕಿಗೆ ಹೊಸ ಪ್ಯಾಡ್ ಹಾಕಿದರೆ ಸಮನಾಗಿ ಕೂರುವುದಿಲ್ಲ. ಎರಡನ್ನೂ ಬದಲಾಯಿಸುವುದೆಂದು ತೀರ್ಮಾನವಾಯಿತು.

ರಾಣಿಗಂಜಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ನಾನೂ ಜೊತೆಗೆ ಹೋಗಿದ್ದೆ. ಅಂಗಡಿಯವನು ಮೊದಲು ಕೌಂಟರಿನ ಮೇಲಿಟ್ಟಿದ್ದು ಉದ್ದಕ್ಕೂ ತೂತು ಕೊರೆದು ಗೀರು ಕೆತ್ತಿದ, ಫಳಫಳಿಸುವ ಡಿಸ್ಕುಗಳನ್ನು. ಇದನ್ನು ಹಾಕಿದರೆ ಸಿಗ್ನಲಿನಲ್ಲಿ ಜನ ಕಾರು ಬಿಟ್ಟು ಚಕ್ರ ನೋಡುತ್ತಾರೆ ಎಂದ. ಅವಳು ಅದನ್ನು ಎತ್ತಿ, ತೂತುಗಳ ಸುತ್ತ ಬೆರಳಾಡಿಸಿ, ಕಾದು ತಣ್ಣಗಾಗಿ ಕಾದು ತಣ್ಣಗಾಗಿ ಬಿರುಕು ಬಿಡುವುದು ಈ ತೂತುಗಳಿಂದಲೇ ಅಲ್ಲವೇ ಎಂದು ಕೇಳಿದಳು. ಅವನು ಟ್ರ್ಯಾಕಿಗೆ ಎಲ್ಲರೂ ಇದನ್ನೇ ಒಯ್ಯುತ್ತಾರೆ ಎಂದ. ಅವಳು ತೂತಿಲ್ಲದ, ಸಾದಾ, ತೂಕದ ಡಿಸ್ಕನ್ನೇ ಕೇಳಿ ತೆಗೆದುಕೊಂಡಳು.

ಪ್ಯಾಡಿನ ವಿಷಯದಲ್ಲಿ ಹೆಚ್ಚು ಹೊತ್ತು ಹಿಡಿಯಿತು. ಕಂಪನಿ ಪ್ಯಾಡ್ ಊರಿನ ಟ್ರಾಫಿಕ್ಕಿಗೆ ಒಳ್ಳೆಯದು, ಆದರೆ ಮತ್ತೆ ಮತ್ತೆ ಜೋರಾಗಿ ಒತ್ತಿದರೆ ಕಾದು ಹಿಡಿತ ಬಿಡುತ್ತದೆ. ಪಂದ್ಯದ ಪ್ಯಾಡ್ ಎಷ್ಟು ಕಾದರೂ ಹಿಡಿಯುತ್ತದೆ, ಆದರೆ ತಣ್ಣಗಿದ್ದಾಗ ಹಿಡಿಯುವುದೇ ಇಲ್ಲ. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗುವ ಕಾರಿಗೆ ಅದು ಅಪಾಯ, ಡಿಸ್ಕನ್ನೂ ತಿನ್ನುತ್ತದೆ. ಅವೆರಡರ ನಡುವಿನದು ಒಂದಿತ್ತು. ಕೂಡಲೇ ಕಚ್ಚುವುದಿಲ್ಲ, ಸ್ವಲ್ಪ ಬೆಚ್ಚಗಾಗಬೇಕು, ಆಮೇಲೆ ಗಟ್ಟಿ. ಹೊಸದರಲ್ಲಿ ಹೊಗೆ ಬರಬಹುದು, ವಾಸನೆಯೂ ಬರಬಹುದು, ಹೆದರಬೇಡಿ, ಹಲವು ಸಲ ಮೆತ್ತಗೆ ಒತ್ತಿ ಬಿಟ್ಟು ಹದ ಮಾಡಿಕೊಳ್ಳಬೇಕು ಎಂದು ಅಂಗಡಿಯವನು ಹೇಳಿದ. ಇಲ್ಲಿ ಅವನು ಹೇಳಿದ್ದು ಅಕ್ಷರಶಃ ಸರಿ. ಅದನ್ನು ನಾವು ಅಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿರದಿದ್ದರೆ ಒಳ್ಳೆಯದಿತ್ತೇನೋ.

ಡಿಸ್ಕು, ಪ್ಯಾಡು ಮನೆಗೆ ಬಂದದ್ದು ಖಂಡೆನವಮಿಗೆ, ಅಂದರೆ ಆಯುಧ ಪೂಜೆಗೆ, ಎರಡು ದಿನ ಮುಂಚೆ. ಗ್ಯಾರೇಜಿನವನು ಹಬ್ಬ ಮುಗಿದ ಮೇಲೆ ಬನ್ನಿ ಎಂದಿದ್ದ. ಅವ್ವನಿಗೆ ಈ ಟ್ರ್ಯಾಕ್ ವ್ಯವಹಾರ ಸೇರಿರಲಿಲ್ಲ. ಮನೆತನದ ಹೆಂಗಸು ಗಂಡಸರ ನಡುವೆ ಗಾಡಿ ಓಡಿಸಿ ಏನು ಸಾಧಿಸಬೇಕು ಎಂದು ನೇರವಾಗಿ ಕೇಳಿರಲಿಲ್ಲ. ಆದರೆ ಆ ವಿಷಯ ಬಂದಾಗಲೆಲ್ಲ ಎದ್ದು ಹೋಗಿ ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುತ್ತಿದ್ದಳು.

ಖಂಡೆನವಮಿಯ ದಿನ ನಮ್ಮ ಮನೆಯಲ್ಲಿ ಕಬ್ಬಿಣವೆಲ್ಲ ದೇವರ ಮುಂದೆ ಬರುತ್ತದೆ. ಈಳಿಗೆ, ಕತ್ತರಿ, ಸುತ್ತಿಗೆ, ಇಕ್ಕಳ, ಹೊಲಿಗೆ ಮಿಷನ್, ನನ್ನ ಹಳೆಯ ಟೈಪ್‌ರೈಟರ್. ಅವನ್ನೆಲ್ಲ ತೊಳೆದು, ಒರೆಸಿ, ತುಕ್ಕು ಹಿಡಿಯದಂತೆ ಎಣ್ಣೆಯ ಕೈ ಸವರಿ, ಅರಿಶಿನ ಕುಂಕುಮ ಹಚ್ಚಿ, ಚೆಂಡು ಹೂ ಇಡುತ್ತಾರೆ. ದಸರೆಯ ಮರುದಿನ ಕುಂಕುಮವನ್ನು ಎಣ್ಣೆಬಟ್ಟೆಯಿಂದಲೇ ಒರೆಸಿ ಎತ್ತಿಡುತ್ತಾರೆ. ನೀರು ತಾಗಿಸುವುದಿಲ್ಲ. ಇದು ಅವ್ವನ ಅತ್ತೆಯ ಕಾಲದಿಂದ ಬಂದ ಪದ್ಧತಿ. ಮಾಡುವವಳು ಅವ್ವ ಒಬ್ಬಳೇ, ಬೇರೆಯವರ ಕೈ ಸೇರಿಸುವುದಿಲ್ಲ.

ಆ ಸಂಜೆ ನಾವಿಬ್ಬರೂ ಬರುವಷ್ಟರಲ್ಲಿ ಪೂಜೆಯ ಅಣಿ ಆಗಿತ್ತು. ಸಾಲಿನ ನಡುವೆ, ಈಳಿಗೆಗೂ ಟೈಪ್‌ರೈಟರಿಗೂ ಮಧ್ಯೆ, ಎರಡು ಡಿಸ್ಕ್ ತಾಟಿನ ಹಾಗೆ ಹೊಳೆಯುತ್ತಿದ್ದವು. ಅವುಗಳ ಮೇಲೆ ನಾಲ್ಕು ಪ್ಯಾಡ್, ಒಂದೊಂದಕ್ಕೂ ಕುಂಕುಮದ ಬೊಟ್ಟು, ಒಂದೊಂದು ಹೂ. ನಾವು ಯಾರೂ ಇಡಲು ಹೇಳಿರಲಿಲ್ಲ. ನನ್ನ ಹೆಂಡತಿ ಬ್ಯಾಗನ್ನು ಹೆಗಲಿನಿಂದ ಇಳಿಸದೆ ನೋಡುತ್ತ ನಿಂತಳು. ಆಮೇಲೆ ಕೈಕಾಲು ತೊಳೆದು ಬಂದು ಮೊದಲು ದೇವರಿಗೆ, ನಂತರ ಅವ್ವನಿಗೆ ನಮಸ್ಕಾರ ಮಾಡಿದಳು. ಅವ್ವ, "ಎದ್ದೇಳವ್ವ, ಎಲಿ ಹಾಕ್ತೀನಿ," ಎಂದಷ್ಟೇ ಅಂದಳು. ಒಪ್ಪಿಗೆ ಸಿಕ್ಕಿತೆಂದು ನಮಗೆ ಗೊತ್ತಾಯಿತು. ಆ ರಾತ್ರಿಯ ಹೋಳಿಗೆಯ ರುಚಿ ನನಗೆ ಇನ್ನೂ ನೆನಪಿದೆ.

ಹಬ್ಬ ಮುಗಿದ ಮೇಲೆ ಪೆಟ್ಟಿಗೆಗಳನ್ನು ಗ್ಯಾರೇಜಿಗೆ ಒಯ್ದೆವು. ಮೆಕ್ಯಾನಿಕ್ ಡಿಸ್ಕನ್ನು ಮುಟ್ಟಿ, ಎಣ್ಣೆ ಇದೆ ಎಂದ. ತುಕ್ಕು ಬಾರದಂತೆ ಕಂಪನಿಯವರೇ ಹಚ್ಚಿ ಕಳಿಸುತ್ತಾರೆ, ಅದನ್ನು ತೆಗೆಯಬೇಕು ಎಂದು ತಾನೇ ವಿವರಿಸಿ, ಸ್ಪ್ರೇ ಹೊಡೆದು ಬಟ್ಟೆಯಿಂದ ಒರೆಸಿದ. ನನ್ನ ಹೆಂಡತಿಯೂ ಅದನ್ನೇ ಓದಿದ್ದಳು. ಪ್ಯಾಡುಗಳು ಕಪ್ಪಗೆ, ಒಣಗಿದಂತೆ ಕಂಡವು. ಮೆಕ್ಯಾನಿಕ್ ಅವನ್ನು ಜೋಡಿಸಿದ. ಇವಳು ಬ್ರೇಕ್ ಫ್ಲೂಯಿಡ್ ಪೂರ್ತಿ ತೆಗೆಸಿ ಹೊಸದು ಹಾಕಿಸಿದಳು. ಮನೆಗೆ ಬರುವಾಗ ಬ್ರೇಕ್ ಸ್ವಲ್ಪ ಮೆತ್ತಗೆ ಹಿಡಿಯುತ್ತಿತ್ತು. ತಣ್ಣಗಿದೆ, ಬೆಚ್ಚಗಾಗಬೇಕು ಎಂದುಕೊಂಡೆವು. ಭಾನುವಾರ ರನ್‌ವೇಯಲ್ಲಿ ಸಾರ್ ಪಕ್ಕದಲ್ಲಿ ಕೂತು ಎರಡು ನಿಧಾನದ ಸುತ್ತು ಹಾಕಿಸಿದಾಗ ಮುಂದಿನ ಚಕ್ರಗಳಿಂದ ತೆಳ್ಳಗೆ ಹೊಗೆ ಬಂತು; ಹೊಸ ಪ್ಯಾಡ್, ಹದವಾಗುತ್ತಿದೆ ಎಂದರು ಸಾರ್. ಕಂಡದ್ದಕ್ಕೆಲ್ಲ ನಮ್ಮ ಹತ್ತಿರ ಒಂದೊಂದು ಸರಿಯಾದ ಕಾರಣವಿತ್ತು. ಮೂರನೆಯ ಸುತ್ತಿಗೆ ಅವಳೊಬ್ಬಳನ್ನೇ ಕಳಿಸಿದರು. ಆಮೇಲಿನದನ್ನು ಆಗಲೇ ಹೇಳಿದ್ದೇನೆ.

ಪೊದೆಯಿಂದ ಕಾರನ್ನು ಹಿಂದಕ್ಕೆ ತೆಗೆಯುವ ಹೊತ್ತಿಗೆ ಬ್ರೇಕ್ ಆರಿ ತಣ್ಣಗಾಗಿತ್ತು. ಸಾರ್ ತಾವೇ ಕೂತು, ಪೆಡಲ್ ಒತ್ತಿ ನೋಡಿದರು. ಗಟ್ಟಿಯಾಗಿತ್ತು. ಮೆಲ್ಲಗೆ ಓಡಿಸಿ ಒತ್ತಿದರು, ಕಾರು ನಿಂತಿತು. ಇಳಿದು, ಒಳ್ಳೆಯ ಮಾತಿನಲ್ಲಿಯೇ ಹೇಳಿದರು: ಹೊಸಬರಿಗೆ ಆಗುತ್ತದೆ, ಗಾಬರಿಯಲ್ಲಿ ಕಾಲು ಕ್ಲಚ್ಚಿನ ಮೇಲೆ ಹೋಗುತ್ತದೆ, ಒತ್ತಿದೆನೆಂದೇ ಮನಸ್ಸು ಹೇಳುತ್ತದೆ. ಕೊನೆಯ ಕೋನ್ ದಾಟಿದವರಿಗೆ ಆ ದಿನ ಮತ್ತೆ ಅವಕಾಶವಿಲ್ಲ. ಪೂರ್ತಿ ಹೊರಗೆ ಹೋದವರು ಮುಂದಿನ ಸಲವೂ ಬೇಡ, ಊರಿನಲ್ಲಿ ಅಭ್ಯಾಸ ಮಾಡಿ ಬನ್ನಿ.

ನಾನು ದೀಪದ ವಿಷಯ ಹೇಳಿದೆ. ಎಲ್ಲಿ ನಿಂತಿದ್ದೆ, ಯಾವ ಕೋನಿನ ಹತ್ತಿರ ಹೊತ್ತಿತು, ಎಲ್ಲಿಯವರೆಗೆ ಉರಿಯಿತು. ಸಾರ್ ಗಮನವಿಟ್ಟು ಕೇಳಿದರು. ಪೆಡಲಿಗೆ ಕಾಲು ಬರೀ ತಾಗಿದರೂ ದೀಪ ಹೊತ್ತುತ್ತದೆ ಎಂದರು. ಅದು ನಿಜ. ನಾನು ಕಂಡದ್ದೂ ನಿಜ, ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಎಷ್ಟೋ ಸಾಕ್ಷಿಗಳು ಕಟಕಟೆಯಲ್ಲಿ ಇದೇ ಹಂತಕ್ಕೆ ಬಂದು ನಿಂತದ್ದನ್ನು ಟೈಪ್ ಮಾಡಿದ್ದೇನೆ. ಕೊಂಡಾಪುರದಿಂದ ಬರುತ್ತಿದ್ದ ದಂತವೈದ್ಯನೊಬ್ಬ, ಅದೇ ಬೆಳಿಗ್ಗೆ ಚೆನ್ನಾಗಿ ಓಡಿಸಿದವನು, ಚಹಾದ ಲೋಟ ಹಿಡಿದುಕೊಂಡೇ, "ಭಾಬೀ, ಬ್ರೇಕ್ ಬೀಚ್ ವಾಲಾ ಹೈ," ಎಂದ. ಅತ್ತಿಗೇ, ಬ್ರೇಕ್ ಅಂದರೆ ನಡುವಿನದು ಎಂದು. ನಾಲ್ಕೈದು ಜನ ನಕ್ಕರು. ಕೆಟ್ಟ ನಗುವಲ್ಲ, ಆದರೆ ಅವಳ ಕಿವಿ ಕೆಂಪಾದದ್ದನ್ನು ನೋಡಿದೆ.

ದಾರಿಯುದ್ದಕ್ಕೂ ನಾನೇ ಓಡಿಸಿದೆ, ನಿಧಾನವಾಗಿ. ಅವಳು ಒಂದೇ ಸಲ ಮಾತಾಡಿದಳು: ಹೆದರಿದ್ದಕ್ಕಲ್ಲ, ಒತ್ತಿದ್ದನ್ನು ಒತ್ತಿಲ್ಲ ಅಂದರಲ್ಲ, ಅದಕ್ಕೆ ಸಂಕಟ ಎಂದಳು.

ಮನೆಯಲ್ಲಿ ಅವ್ವ ಊಟಕ್ಕೆ ಕಾಯುತ್ತಿದ್ದಳು. ಇವಳ ಮುಖ ನೋಡಿ ತಾಟು ಕೆಳಗಿಟ್ಟಳು. ನಾನು ನಡೆದದ್ದನ್ನು ಹೇಳಿದೆ: ಬ್ರೇಕ್ ಹಿಡಿಯಲಿಲ್ಲ, ಇವಳು ಒತ್ತಲಿಲ್ಲ ಅಂತಾರೆ, ಹೊಸ ಸಾಮಾನು ಹೀಗೆ ಕೈಕೊಟ್ಟದ್ದು ಹೇಗೋ ತಿಳಿಯದು. ಅವ್ವನಿಗೆ ಇವಳ ಮೇಲೆ ಬಂದ ಮಾತಿಗಿಂತ ಸಾಮಾನಿನ ಮೇಲೆ ಬಂದ ಮಾತು ಮೊದಲು ತಾಗಿತು.

"ಸಾಮಾನು ಹೆಂಗ ಕೈಕೊಡ್ತಾವ ತಮ್ಮಾ? ನಾನಾ ಛಲೋತ್ನಾಗಿ ಎಣ್ಣಿ ಹಚ್ಚಿ ಇಟ್ಟಿದ್ದೆ. ಆ ಕರಿ ಬಿಲ್ಲಿ ನಾಕೂ ಭಾಳ ಒಣಗಿದ್ವು. ಹಚ್ಚಿದಷ್ಟೂ ಕುಡಿಯಾಕತ್ತಿದ್ವು. ಪಾಪ ಅನಸ್ತು, ಮರದಿನಾನೂ ಹಚ್ಚಿದೆ."

ನನ್ನ ಮೂಗಿಗೆ ರನ್‌ವೇಯ ಆ ಬಾಣಲೆಯ ವಾಸನೆ ಮತ್ತೆ ಬಂತು. ಶೇಂಗಾ ಎಣ್ಣೆ. ಡಿಸ್ಕಿನ ಎಣ್ಣೆಯನ್ನು ಮೆಕ್ಯಾನಿಕ್ ಒರೆಸಿದ್ದ. ಪ್ಯಾಡಿನದು ಒಳಗಿತ್ತು, ಕುಡಿದು ಕೂತಿತ್ತು. ಜೋರಾಗಿ ಕಾದಾಗ ಹೊರಬಂದಿತ್ತು.

ನನ್ನ ಹೆಂಡತಿಯ ಮುಖದ ಬಿಗಿ ಇಳಿಯಿತು. ಅದು ಸಿಟ್ಟಲ್ಲ, ಸಮಾಧಾನ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತನ್ನ ಕಾಲು ತಪ್ಪಿರಲಿಲ್ಲ. ಎದ್ದು ಅವ್ವನ ತಾಟಿಗೂ ತನ್ನ ತಾಟಿಗೂ ಅನ್ನ ಬಡಿಸಿದಳು. ನಾನು ಬಾಯಿ ತೆರೆಯಲು ಹೊರಟಾಗ ಮೊಣಕೈಯಿಂದ ತಿವಿದಳು. ಅವ್ವನಿಗೆ ಆಗ ಏನೂ ಹೇಳಲಿಲ್ಲ.

ಕೋಣೆಗೆ ಬಂದ ಮೇಲೆ, ಸಾರ್‌ಗೆ ಫೋನ್ ಮಾಡಿ ಹೇಳುತ್ತೇನೆ ಎಂದೆ. ಅವಳು ಬೇಡವೆಂದಳು. ಎಣ್ಣೆ ಹಚ್ಚಿದ ಅತ್ತೆ ಎಂದು ಆ ಹತ್ತಾರು ಜನ ವರ್ಷಗಟ್ಟಲೆ ಕಥೆ ಮಾಡಿ ನಗುತ್ತಾರೆ. "ಆಕೀ ದೇವರ ಮುಂದ ಇಟ್ಟಿದ್ದು ನನ್ನ ಸಲುವಾಗಿ ರೀ. ಅದನ್ನ ಅವರ ಚಹಾದಾಗ ಅದ್ದಿಕೊಂಡು ತಿನ್ನಾಕ ಕೊಡೂದಿಲ್ಲ." ಹಾಗಾದರೆ ಬ್ರೇಕ್ ಒತ್ತದವಳು ಎಂಬ ಹೆಸರು ಉಳಿಯುತ್ತದೆ, ಒಳಗೆ ಸೇರಿಸುವುದೂ ಇಲ್ಲ ಎಂದೆ. ಆದರೂ ಅವಳು ಮರುವಾರ ರಾಣಿಗಂಜಿಗೆ ಹೊರಟಳು.

ಅಂಗಡಿಯವನು ಈ ಸಲ ಪಂದ್ಯದ ಪ್ಯಾಡನ್ನೇ ಮುಂದಿಟ್ಟ; ಹಿಡಿಯಲಿಲ್ಲ ಅಂದರೆ ಇನ್ನೂ ಗಟ್ಟಿಯದು ಹಾಕಬೇಕು ಎಂಬುದು ಅವನ ಲೆಕ್ಕ. ಅವಳು ಹಿಂದಿನ ಸಲದ್ದೇ ಬೇಕೆಂದಳು. ನಾನೂ ಮೆಲ್ಲಗೆ, ಒಂದು ಮೆಟ್ಟಿಲು ಮೇಲಿನದು ತಗೊಂಡರೆ ಹೇಗೆ ಎಂದೆ. ಪೈಪಿನ ರಾಶಿ ಕಣ್ಣ ಮುಂದಿತ್ತು. ತನ್ನ ಕ್ಲಾಸಿನಲ್ಲಿ ಹೇಳುವ ದನಿಯಲ್ಲಿ ಅಂದಳು: "ಒಂದೇ ಬದಲಿ ಮಾಡಬೇಕ್ರಿ. ಎಲ್ಲಾ ಬದಲಿ ಮಾಡಿದ್ರ ಯಾವುದರಿಂದ ಏನಾತು ಅಂತ ಹೆಂಗ ತಿಳೀತೈತಿ?" ಪ್ಯಾಡು ಎಣ್ಣೆ ಕುಡಿದರೆ ತೊಳೆದು ಉಳಿಸಿಕೊಳ್ಳಲಾಗದು, ಎಸೆಯಬೇಕು. ಡಿಸ್ಕ್ ಹಾಗಲ್ಲ. ಅವನ್ನು ಬಿಚ್ಚಿಸಿ, ಎರಡೂ ಮುಖ ಎಮರಿ ಪೇಪರಿನಿಂದ ಉಜ್ಜಿಸಿ, ಸ್ಪ್ರೇ ಹೊಡೆಸಿ, ಬಿಳಿ ಬಟ್ಟೆಯಲ್ಲಿ ಕಲೆ ಬರದಷ್ಟು ಒರೆಸಿದಳು. ಹೊಸ ಪ್ಯಾಡುಗಳ ಪೆಟ್ಟಿಗೆಯನ್ನು ಮನೆಗೆ ತರದೆ ಅಂಗಡಿಯಿಂದ ನೇರ ಗ್ಯಾರೇಜಿಗೆ ಒಯ್ದಳು.

ಅದರಿಂದಲೇ ಅವ್ವನಿಗೆ ತಿಳಿಯಿತು. ಹೊಸ ಸಾಮಾನು ಯಾಕೆ ಮನೆಗೆ ಬರಲಿಲ್ಲ ಎಂದು ಕೇಳಿದಳು. ನಾನು ಏನೋ ತಡವರಿಸಿದೆ. ಹಳೆಯ ಪ್ಯಾಡುಗಳು ಬಾಲ್ಕನಿಯಲ್ಲಿ, ಹಳೆಯ ಪೇಪರಿನ ಮೇಲೆ ಇದ್ದವು. ಅವ್ವ ಹೋಗಿ ನೋಡಿದಳು. ಪೇಪರಿನ ಮೇಲೆ ನಾಲ್ಕು ಎಣ್ಣೆಯ ಕಲೆ ಬಿದ್ದಿತ್ತು, ಬಜ್ಜಿ ಇಟ್ಟಂತೆ. ಒಂದನ್ನು ಎತ್ತಿ ಮೂಸಿದಳು. ಅದನ್ನು ಮತ್ತೆ ಅದರದೇ ಕಲೆಯ ಮೇಲೆ ಇಟ್ಟಳು.

ಸಂಜೆ ಸೊಸೆ ಬಂದಾಗ ಅವ್ವ ನೇರವಾಗಿ ಕೇಳಿದಳು. "ನಾನು ಹಚ್ಚಿದ್ದಕ್ಕ ಹೌದಲ್ಲವ್ವಾ?"

"ಹೌದ್ರಿ ಅತ್ತೀ."

"ನೀ ಸಾಯ್ತಿದ್ದಿ."

"ಸಾಯ್ಲಿಲ್ಲಲ್ರಿ."

"ಆ ಬಯಲಿನವರಿಗೆ ಹೇಳೀಯೇನು?"

ಇಲ್ಲ ಎಂದು ಇವಳು ತಲೆಯಾಡಿಸಿದಳು. ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ, ಮುಂದಿನ ಸಲ ಆ ಬಯಲಿಗೆ ತಾನೂ ಬರುತ್ತೇನೆಂದಳು. ಬೇಡವೆಂದು ನಾವಿಬ್ಬರೂ ಹೇಳಿ ನೋಡಿದೆವು. ಅವಕಾಶವೇ ಇಲ್ಲದ ಕಡೆ ಯಾಕೆ ಹೋಗುವುದು ಎಂದೆ. ಅವಕಾಶ ಕೇಳಲಿಕ್ಕೇ ಹೋಗುವುದು ಎಂದಳು. ಅವ್ವ ಒಮ್ಮೆ ಹಿಡಿದದ್ದನ್ನು ಬಿಡುವವಳಲ್ಲ. ಇಷ್ಟು ವರ್ಷ ಅದು ಸೊಸೆಯ ವಿರುದ್ಧ ಕೆಲಸ ಮಾಡುತ್ತಿತ್ತು, ಈಗ ದಿಕ್ಕು ಬದಲಾಗಿತ್ತು.

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ ಹೊರಟೆವು. ಅವ್ವ ಹಿಂದಿನ ಸೀಟಿನಲ್ಲಿ, ಇಳಕಲ್ ಸೀರೆಯುಟ್ಟು, ಮಡಿಲಲ್ಲಿ ಒಂದು ಬಟ್ಟೆಯ ಗಂಟು. ಹೊರಡುವ ಮೊದಲು ಸ್ಟೇರಿಂಗಿಗಷ್ಟೇ ಕುಂಕುಮ ಹಚ್ಚಿ, ಉಳಿದದ್ದಕ್ಕೆ ದೂರದಿಂದಲೇ ಕೈಮುಗಿದಳು. ಗಾಡಿಯಲ್ಲಿ ಇನ್ನೆಲ್ಲಿ ಕೈ ಇಡಬಾರದು ಮೊದಲೇ ಹೇಳಿಬಿಡಿ ಎಂದು ದಾರಿಯಲ್ಲಿ ಕೇಳಿದಳು. ಸೊಸೆ ನಕ್ಕದ್ದು ಕನ್ನಡಿಯಲ್ಲಿ ಕಾಣಿಸಿತು.

ರನ್‌ವೇಯಲ್ಲಿ ಸಾರ್ ನಮ್ಮನ್ನು ನೋಡಿ ಮುಜುಗರಗೊಂಡರು. ಹೇಳಿದ್ದೆನಲ್ಲ ಎಂಬಂತೆ ಕೈ ಎತ್ತಿದರು. ಅವ್ವ ಕಾರಿನಿಂದ ಇಳಿದು, ಸೆರಗು ಹೊದ್ದು, ಸೀದಾ ಅವರ ಮುಂದೆ ಹೋಗಿ ನಿಂತಳು. ಚಹಾ ಕುಡಿಯುತ್ತಿದ್ದ ಗುಂಪು ಅಲ್ಲೇ ಇತ್ತು. ಗಂಟು ಬಿಚ್ಚಿ ನಾಲ್ಕು ಪ್ಯಾಡುಗಳನ್ನು ಅಂಗೈ ಮೇಲಿಟ್ಟು ಚಾಚಿದಳು. ಆಮೇಲೆ ತನ್ನ ಬಜಾರಿನ ಹಿಂದಿಯಲ್ಲಿ, ತರಕಾರಿಯವನಿಗೆ ಕೊಳೆತದ್ದನ್ನು ತಿರುಗಿ ಕೊಡುವಾಗಿನ ಗಟ್ಟಿ ದನಿಯಲ್ಲಿ ಹೇಳಿದಳು:

"ಬಹೂಕು ಕುಛ್ ನಕ್ಕೋ ಬೋಲೋ ಸಾಬ್. ತೇಲ್ ಮೈ ಲಗಾಯಿ."

ಸೊಸೆಗೆ ಏನೂ ಅನ್ನಬೇಡಿ, ಎಣ್ಣೆ ಹಚ್ಚಿದವಳು ನಾನು. ಹಬ್ಬದಲ್ಲಿ ಕಬ್ಬಿಣಕ್ಕೆ ಹಚ್ಚುತ್ತೇವೆ, ಇದು ಯಾವ ಜಾತಿಯ ಕಲ್ಲೋ ನನಗೆ ಗೊತ್ತಿರಲಿಲ್ಲ, ಕುಡಿಯುತ್ತಿತ್ತು, ಕುಡಿಸಿದೆ ಎಂದು ಒಂದೂ ಬಿಡದೆ ಹೇಳಿದಳು. ನನ್ನ ಹೆಂಡತಿ ಕಾರಿನ ಬಾಗಿಲು ಹಿಡಿದುಕೊಂಡು ನಿಂತಿದ್ದಳು. ಅವಳು ಮೂರು ತಿಂಗಳು ಬಾಯಿ ಕಟ್ಟಿಕೊಂಡು ಕಾದಿಟ್ಟ ಗುಟ್ಟನ್ನು ಅವ್ವ ಎಲ್ಲರ ಮುಂದೆ ಕೊಟ್ಟುಬಿಟ್ಟಿದ್ದಳು.

ಸಾರ್ ಒಂದು ಪ್ಯಾಡ್ ಎತ್ತಿ ಉಗುರಿನಿಂದ ಗೀರಿದರು, ಮೂಸಿದರು. "ಪಲ್ಲಿ ನೂನೆ," ಎಂದರು. ಶೇಂಗಾ ಎಣ್ಣೆ. ದಂತವೈದ್ಯನೂ ತೆಗೆದುಕೊಂಡು ಮೂಸಿದ. ಯಾರಾದರೂ ನಗುತ್ತಾರೆಂದು ನಾನು ಕಾದೆ. ಒಬ್ಬ ಶುರುಮಾಡಿದ, ಆದರೆ ಅವ್ವ ಅವನ ಕಡೆ ತಿರುಗಿ, ಏನು ಎಂಬಂತೆ ನೋಡಿದಳು. ಅವನು ಲೋಟದ ಕಡೆ ನೋಡಿದ. ದಂತವೈದ್ಯ ನನ್ನ ಹೆಂಡತಿಯ ಹತ್ತಿರ ಹೋಗಿ, ಅಂದು ತಾನು ಆ ಮಾತು ಆಡಬಾರದಿತ್ತು ಎಂದ. ಅವಳು, ನಡುವಿನದೇ ಬ್ರೇಕ್ ಎಂಬುದಂತೂ ಸರಿಯಾಗಿತ್ತು ಎಂದಳು.

ಸಾರ್‌ಗೆ ಮಾತು ಸಾಕಾಗಲಿಲ್ಲ. ಕಾರಣ ತಿಳಿದದ್ದು ಬೇರೆ, ಕಾರು ನಿಲ್ಲುವುದು ಬೇರೆ ಎಂದರು. ಚಕ್ರದ ಸಂದಿಯಿಂದ ಹೊಸ ಪ್ಯಾಡು ನೋಡಿದರು. ಪಕ್ಕದಲ್ಲಿ ಕೂತು ಐದಾರು ಸುತ್ತು ಹಾಕಿಸಿದರು, ಪ್ರತಿ ಸುತ್ತಿಗೂ ಸ್ವಲ್ಪ ಹೆಚ್ಚು ವೇಗ, ಸ್ವಲ್ಪ ಹೆಚ್ಚು ಒತ್ತು. ಆಮೇಲೆ ಇಳಿದು, ಒಬ್ಬರೇ ಹೋಗಿ ಎಂದರು. ಯಾವ ವೇಗದಲ್ಲಿ ಎಂದು ಅವಳು ಕೇಳಿದಳು. ಅಂದು ಎಷ್ಟಿತ್ತೋ ಅಷ್ಟೇ ಎಂದರು.

ನಾನು ಅವ್ವನ ಪಕ್ಕದಲ್ಲಿ ನಿಂತೆ. ಕಾರು ದೂರದ ತುದಿಯಲ್ಲಿ ತಿರುಗಿ, ನೇರವಾಗಿ ಬರತೊಡಗಿತು. ಕಣ್ಣು ಮುಚ್ಚಬೇಕೆನಿಸಿತು, ಮುಚ್ಚಲಿಲ್ಲ. ಇಂಜಿನ್ನಿನ ಸದ್ದು ಏರಿತು, ಕಾರು ನಮ್ಮನ್ನು ದಾಟಿತು, ದೀಪ ಹೊತ್ತಿತು, ಮೂತಿ ನೆಲದ ಕಡೆ ಬಾಗಿತು. ಎರಡನೆಯ ಕೋನ್ ಹತ್ತಿರ ಕಾರು ಕುಗ್ಗಿದಂತೆ ಕಂಡಿತು. ಮೂರನೆಯದಕ್ಕೆ ಇನ್ನೂ ಸ್ವಲ್ಪ ಇರುವಾಗ ಓಡುವುದನ್ನು ಬಿಟ್ಟು ನಡೆಯುವ ವೇಗಕ್ಕೆ ಬಂದು, ಎಡಕ್ಕೆ ಹೊರಳಿ, ತಿರುವಿನಲ್ಲಿ ಸಾಗಿಹೋಯಿತು.

ಅವ್ವ ನನ್ನ ತೋಳು ಹಿಡಿದಿದ್ದಳು. "ನಿಂತತಲ್ಲ?" ಎಂದು ಕೇಳಿದಳು.

"ನಿಲ್ಲಬೇಕಾಗಿರಲಿಲ್ಲವ್ವಾ. ತಿರುಗಬೇಕಾಗಿತ್ತು. ತಿರುಗ್ತು."

"ಒತ್ತಿದಳು."

"ಹೌದು. ಒತ್ತಿದಳು."

ಅವಳು ಅಂದು ಮತ್ತೆ ಮತ್ತೆ ಓಡಿಸಿದಳು, ಬ್ರೇಕ್ ಬಿಸಿಯಾಗಿ ಸಾರ್ ಸಾಕು ಎನ್ನುವವರೆಗೆ. ಮುಂದಿನ ವರ್ಷವೂ ಹೋದಳು. ಆಮೇಲೆ ಆ ಜಮೀನಿನಲ್ಲಿ ಪ್ಲಾಟುಗಳನ್ನು ಹಾಕಿದರು, ರನ್‌ವೇ ಹೋಯಿತು, ರಾಜ್ಯವೂ ಎರಡಾಯಿತು.

ಅವಳು ಅಂದು ಬ್ರೇಕ್ ಒತ್ತಿದ್ದಳು. ಮೊದಲ ದಿನವೂ ಒತ್ತಿದ್ದಳು, ಅವ್ವ ಬಂದ ಎರಡನೆಯ ದಿನವೂ. ಎರಡೂ ದಿನ ಅಲ್ಲಿದ್ದು ಕಂಡವರಲ್ಲಿ ಸಾರ್ ಈಗಿಲ್ಲ. ಕೊಂಡಾಪುರದ ದಂತವೈದ್ಯ ಇದ್ದಾನೆ. ಈಗಲೂ ನಮ್ಮ ಹಲ್ಲು ನೋಡುವವನು ಅವನೇ, ಕೇಳಿದರೆ ಹೇಳುತ್ತಾನೆ. ಎರಡನೆಯ ದಿನವನ್ನಷ್ಟೇ ಕಂಡ ಅವ್ವ ಇದ್ದಾಳೆ, ಎಂಬತ್ತು ದಾಟಿದ್ದಾಳೆ, ಕೇಳದೆಯೂ ಹೇಳುತ್ತಾಳೆ. ಮತ್ತೆ ನಾನು.